ಒಂದು ರೂಪಾಯಿಗಿಂತ ಹಗುರ ಹಕ್ಕಿ

[ದೃಶ್ಯ: ಅಂಗೈಯಲ್ಲಿ ಒಂದು ರೂಪಾಯಿ ನಾಣ್ಯ]

ಈ ನಾಣ್ಯದ ತೂಕ 3.79 ಗ್ರಾಂ. ಇವತ್ತಿನ ಹಕ್ಕಿ ಇದರ ಅರ್ಧದಷ್ಟು ತೂಗುತ್ತದೆ, ಹೆಚ್ಚುಕಮ್ಮಿ 2 ಗ್ರಾಂ. ಕೊಕ್ಕಿನ ತುದಿಯಿಂದ ಬಾಲದವರೆಗೆ ಅಳೆದರೂ ಐದೂವರೆ ಸೆಂಟಿಮೀಟರ್ ಅಷ್ಟೇ. ಹೆಸರು ಬೀ ಹಮ್ಮಿಂಗ್‌ಬರ್ಡ್. ಪ್ರಪಂಚದಲ್ಲಿ ಇದಕ್ಕಿಂತ ಚಿಕ್ಕ ಹಕ್ಕಿ ಇಲ್ಲ, ಇರುವುದು ಕ್ಯೂಬಾದಲ್ಲಿ ಮಾತ್ರ.

"ನಮ್ಮ ಬಾಲ್ಕನಿಗೂ ಬರುತ್ತೆ ಸಾರ್" ಅಂತ ಕಾಮೆಂಟ್ ಹಾಕಬೇಡಿ, ಕೈ ಮುಗಿಯುತ್ತೇನೆ. ಹಮ್ಮಿಂಗ್‌ಬರ್ಡ್‌ಗಳೆಲ್ಲ ಅಮೆರಿಕ ಖಂಡಗಳವು, ಭಾರತದಲ್ಲಿ ಒಂದೂ ಇಲ್ಲ. ನಿಮ್ಮ ದಾಸವಾಳಕ್ಕೆ ಬರುವುದು ಸೂರಕ್ಕಿ. ಅದು ರೆಂಬೆ ಹಿಡಿದು ಕೂತು ಹೀರುವುದೇ ಜಾಸ್ತಿ. ಹಮ್ಮಿಂಗ್‌ಬರ್ಡ್ ಹೂವಿನ ಮುಂದೆ ಗಾಳಿಯಲ್ಲೇ ನಿಲ್ಲುತ್ತದೆ, ಬೇಕಾದರೆ ಹಿಮ್ಮುಖವಾಗಿಯೂ ಹಾರುತ್ತದೆ.

ಕ್ಯೂಬಾಕ್ಕೆ ಹೋದರೂ ಗೊಂದಲ ತಪ್ಪಿದ್ದಲ್ಲ. ಅಲ್ಲಿ ಹಸಿರು ಬಣ್ಣದ ಇನ್ನೊಂದು ಹಮ್ಮಿಂಗ್‌ಬರ್ಡ್ ಇದೆ, ಅದನ್ನು ಸುನ್‌ಸುನ್ ಅನ್ನುತ್ತಾರೆ. ನಮ್ಮದು ಸುನ್‌ಸುನ್‌ಸಿತೊ, ಅಂದರೆ ಪುಟಾಣಿ ಸುನ್‌ಸುನ್. ಸುಮ್ನೆ ಬಾಲ ನೋಡಿ. ದೊಡ್ಡದರ ಬಾಲ ಉದ್ದ, ತುದಿ ಕವಲು. ಪುಟಾಣಿಯದು ಮೊಂಡು ಬಾಲ.

[ದೃಶ್ಯ: ಗಂಡು ಹಕ್ಕಿ, ನಿಧಾನಗತಿಯಲ್ಲಿ ತಲೆ ತಿರುಗಿಸುವುದು]

ಇಲ್ಲಿ ಸ್ವಲ್ಪ ನಿಲ್ಲಿಸಿ ನೋಡಿ. ತಲೆ, ಕತ್ತು ಕಪ್ಪಗಿದೆ ಅಲ್ವಾ? ಈಗ ಇತ್ತ ತಿರುಗಿತು, ಕೆಂಡದ ಹಾಗೆ ಕೆಂಪು! ಆ ಕೆಂಪು ಗರಿಯ ಸ್ವಂತ ಬಣ್ಣವಲ್ಲ, ಗರಿಯೊಳಗಿನ ಸೂಕ್ಷ್ಮ ಪದರಗಳಿಗೆ ಬೆಳಕು ಬಿದ್ದು ಆಗುವ ಆಟ, ಅದಕ್ಕೇ ಕೋನ ಸ್ವಲ್ಪ ತಪ್ಪಿದರೂ ಮಾಯ. ಅದೂ ಮರಿ ಮಾಡುವ ಕಾಲದಲ್ಲಿ ಗಂಡಿಗೆ ಮಾತ್ರ. ಹೆಣ್ಣಿಗೆ ಕೆಂಪಿಲ್ಲ, ಹೊಟ್ಟೆ ಬೂದು, ಬಾಲದ ಅಂಚಿನ ಗರಿಗಳಿಗೆ ಬಿಳಿ ತುದಿ. ಗಾತ್ರದಲ್ಲಿ ಹೆಣ್ಣೇ ಒಂಚೂರು ದೊಡ್ಡದು.

ಹುಡುಕುವುದಾದರೆ ಸಪಾಟಾ ಜವುಗು ಪ್ರದೇಶಕ್ಕೆ ಹೋಗಿ. ಬಳ್ಳಿ ಹೆಣೆದುಕೊಂಡ ಹಳೆಯ ಕಾಡು, ಅದರ ಅಂಚು, ಪಕ್ಕದ ಹಳ್ಳಿಗಳ ಹಿತ್ತಲು, ಇವೇ ಇದರ ಜಾಗ. ಕಿತ್ತಳೆಗೆಂಪು ಕೊಳವೆ ಹೂವಿನ ಹ್ಯಾಮೀಲಿಯಾ ಗಿಡ ಇದಕ್ಕೆ ಬಲು ಇಷ್ಟ. ಬೆಂಗಳೂರಿನ ಪಾರ್ಕುಗಳಲ್ಲಿ ಬೇಲಿಗೆ ಹಾಕಿರುತ್ತಾರಲ್ಲ, ಅದೇ ಗಿಡ. ಆದರೆ ಹಿತ್ತಲ ಗಿಡ ಸಾಲದು, ಕಾಡು ಬೇಕು. ಆ ಕಾಡು ಹೊಲವಾಗಿ, ದನದ ಹುಲ್ಲುಗಾವಲಾಗಿ ಕರಗಿರುವುದರಿಂದಲೇ ಈಗ ಹಲವು ಕಡೆ ಹಕ್ಕಿ ಕಾಣುವುದಿಲ್ಲ.

ಹೆಣ್ಣು ಒಂಟಿಯಾಗಿಯೇ ಗೂಡು ಕಟ್ಟುತ್ತದೆ. ಜೇಡರ ಬಲೆ, ತೊಗಟೆ ಚೂರು, ಕಲ್ಲುಹೂವು ಸೇರಿಸಿ ಮಾಡಿದ ಪುಟ್ಟ ಬಟ್ಟಲು. ಬಲೆಯ ಎಳೆ ಜಗ್ಗುವುದರಿಂದ ಮರಿ ಬೆಳೆದಂತೆ ಗೂಡೂ ಹಿಗ್ಗುತ್ತದೆ. ಅಗಲ? ನಾಣ್ಯ ಮತ್ತೆ ತರುತ್ತೇನೆ, ಇರಿ.

[ದೃಶ್ಯ: ಅದೇ ನಾಣ್ಯದ ಮೇಲೆ ಎರಡು ಕಾಫಿ ಬೀಜ]

ಗೂಡು ಹೆಚ್ಚುಕಮ್ಮಿ ಇಷ್ಟಗಲ. ಮೊಟ್ಟೆ ಎರಡು, ಇಷ್ಟಿಷ್ಟೇ.