ಎದೆಯ ಮೇಲಿನ ಕೆಂಪು ಹೂವು ಐರ್ಲೆಂಡಿಗೆ ಯಾಕೆ ಬೇಡ?

[ದೃಶ್ಯ: ಫುಟ್‌ಬಾಲ್ ಮೈದಾನ. ಎರಡೂ ತಂಡದವರು ಸಾಲಾಗಿ ತಲೆ ತಗ್ಗಿಸಿ ನಿಂತಿದ್ದಾರೆ. ಸದ್ದಿಲ್ಲ.]

ಎಲ್ಲರಿಗೂ ನಮಸ್ಕಾರ.

ನವೆಂಬರ್ ತಿಂಗಳಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ನೋಡುವವರಿಗೆ ಇದು ಗೊತ್ತಿರುತ್ತದೆ. ಆಟಗಾರರ ಜರ್ಸಿ ಮೇಲೆ ಒಂದು ಪುಟ್ಟ ಕೆಂಪು ಹೂವು ಇರುತ್ತದೆ. ಟಿವಿಯಲ್ಲಿ ಸುದ್ದಿ ಓದುವವರ ಕೋಟಿನ ಮೇಲೂ ಅದೇ ಹೂವು. ಮಂತ್ರಿಗಳ ಎದೆಯ ಮೇಲೂ ಅದೇ.

2012ರ ನವೆಂಬರ್‌ನಲ್ಲಿ ಒಬ್ಬ ಆಟಗಾರ ಆ ಹೂವಿಲ್ಲದ ಜರ್ಸಿ ಹಾಕಿಕೊಂಡು ಮೈದಾನಕ್ಕೆ ಇಳಿದರು. ಹೆಸರು ಜೇಮ್ಸ್ ಮೆಕ್ಲೀನ್. ಆಗ ಸಂಡರ್‌ಲ್ಯಾಂಡ್ ತಂಡದಲ್ಲಿದ್ದರು. ಹುಟ್ಟೂರು ಉತ್ತರ ಐರ್ಲೆಂಡಿನ ಡೆರಿ. ಅವರಿಗೆ ಬೈಗುಳ ಬಂತು, ಕೊಲೆ ಬೆದರಿಕೆ ಬಂತು. ಮುಂದೆ ತಂಡ ಬದಲಾಯಿಸಿದರು, ಆದರೆ ನವೆಂಬರ್ ಬಂದಾಗಲೆಲ್ಲ ಅದೇ ಗಲಾಟೆ.

ಯುದ್ಧದಲ್ಲಿ ಸತ್ತವರಿಗೆ ಗೌರವ ಕೊಡೋದಕ್ಕೆ ಒಂದು ಹೂವು ಸಿಕ್ಕಿಸಿಕೊಂಡರೆ ಏನು ಕಷ್ಟ? ನನಗೂ ಮೊದಲು ಹಾಗೇ ಅನ್ನಿಸಿತ್ತು. ಐರ್ಲೆಂಡಿನ ಕಥೆ ಓದುತ್ತಾ ಹೋದ ಹಾಗೆ ಆ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದೆ. ಯಾಕೆ ಅಂತ ಹೇಳುತ್ತೇನೆ.

[ದೃಶ್ಯ: ಕಾಗದದ ಹೂವು, ತೀರಾ ಹತ್ತಿರದಿಂದ.]

ಮೊದಲು ಹೂವನ್ನು ನೋಡೋಣ. ಎರಡು ಕೆಂಪು ಕಾಗದದ ಎಸಳು, ನಡುವೆ ಕಪ್ಪು ಚುಕ್ಕೆ, ಕೆಳಗೆ ಹಸಿರು ಕಡ್ಡಿ. ಇದರ ಹೆಸರು ಪಾಪ್ಪಿ. ನಾವು ಪಾಯಸಕ್ಕೆ ಹಾಕುವ ಗಸಗಸೆ ಇದೆಯಲ್ಲ, ಆ ಗಿಡದ ಹತ್ತಿರದ ನೆಂಟ. ಮೊದಲ ಮಹಾಯುದ್ಧದಲ್ಲಿ ಬೆಲ್ಜಿಯಂ, ಫ್ರಾನ್ಸ್ ಗಡಿಯ ನೆಲ ಗುಂಡು ಬಿದ್ದು ಬಿದ್ದು ಕಲಸಿಹೋಗಿತ್ತು. ಆ ಮಣ್ಣಲ್ಲಿ ಮೊದಲು ಅರಳಿದ್ದು ಈ ಕಾಡು ಹೂವು. 1921ರಿಂದ ಬ್ರಿಟಿಷ್ ಮಾಜಿ ಸೈನಿಕರ ಸಂಸ್ಥೆ ರಾಯಲ್ ಬ್ರಿಟಿಷ್ ಲೀಜನ್ ಇದನ್ನು ಮಾರುತ್ತಾ ಬಂದಿದೆ. ಬಂದ ಹಣ ಸೈನಿಕರಿಗೆ, ಅವರ ಮನೆಯವರಿಗೆ ಹೋಗುತ್ತದೆ. ಒಂದು ಮಾತು ನೆನಪಿಡಿ. ಈ ಹೂವು ಎರಡು ಮಹಾಯುದ್ಧಕ್ಕೆ ಮಾತ್ರ ಸೇರಿದ್ದಲ್ಲ. ಬ್ರಿಟಿಷ್ ಸೇನೆ ಆಮೇಲೆ ಹೋದ ಎಲ್ಲ ಕಡೆಗೂ ಸೇರಿದ್ದು. ಐರ್ಲೆಂಡಿನ ಬೀದಿಗಳಿಗೂ.

ಹಾಗಂತ ಐರಿಶ್ ಜನಕ್ಕೂ ಮೊದಲ ಮಹಾಯುದ್ಧಕ್ಕೂ ಸಂಬಂಧವೇ ಇಲ್ಲ ಅಂದುಕೊಳ್ಳಬೇಡಿ. ಆಗ ಇಡೀ ಐರ್ಲೆಂಡ್ ಬ್ರಿಟನ್ನಿನ ಆಳ್ವಿಕೆಯಲ್ಲಿತ್ತು. 2 ಲಕ್ಷದಷ್ಟು ಐರಿಶರು ಆ ಯುದ್ಧದಲ್ಲಿ ಬ್ರಿಟಿಷ್ ಸಮವಸ್ತ್ರ ತೊಟ್ಟಿದ್ದರು. ಅಲ್ಲಿ ಕಡ್ಡಾಯ ಸೇನಾಭರ್ತಿ ಇರಲಿಲ್ಲ. ಡಬ್ಲಿನ್ನಿನ ಕೊಳೆಗೇರಿಯ ಹುಡುಗರು ಹೊಟ್ಟೆಪಾಡಿಗೆ ಸೇರಿದರು. ಹೋದರೆ ಹೆಂಡತಿಗೆ ಪ್ರತಿ ವಾರ ಭತ್ಯೆ ಸಿಗುತ್ತಿತ್ತು. ಇನ್ನು ಕೆಲವರು ನಂಬಿಕೆಯಿಂದ ಸೇರಿದರು. ಐರಿಶ್ ನಾಯಕ ಜಾನ್ ರೆಡ್ಮಂಡ್ 1914ರಲ್ಲಿ ಯುದ್ಧಕ್ಕೆ ಬೆಂಬಲ ಕೊಡಿ ಅಂತ ಕರೆ ಕೊಟ್ಟಿದ್ದರು. ಈಗ ಬ್ರಿಟನ್ ಜೊತೆ ನಿಂತರೆ ನಾಳೆ ನಮಗೆ ಸ್ವಂತ ಸರ್ಕಾರ ಸಿಗುತ್ತದೆ ಅನ್ನುವುದು ಲೆಕ್ಕಾಚಾರ. ನಮ್ಮ ದೇಶದಲ್ಲೂ ಆಗ ಅದೇ ಆಸೆ ಇತ್ತು, ಅಲ್ವಾ?

ಇಲ್ಲಿ ಒಬ್ಬರ ಕಥೆ ಹೇಳಲೇಬೇಕು.

[ದೃಶ್ಯ: ಡಬ್ಲಿನ್, ಸೇಂಟ್ ಸ್ಟೀಫನ್ಸ್ ಗ್ರೀನ್ ಉದ್ಯಾನ. ಮರದ ನೆರಳಲ್ಲಿ ಒಂದು ಎದೆಮಟ್ಟದ ಪುತ್ಥಳಿ.]

ಟಾಮ್ ಕೆಟಲ್. ಕವಿ, ಅರ್ಥಶಾಸ್ತ್ರದ ಮೇಷ್ಟ್ರು, ಸಂಸದರಾಗಿದ್ದವರು. ಅಪ್ಪಟ ಐರಿಶ್ ರಾಷ್ಟ್ರವಾದಿ. 1914ರಲ್ಲಿ ಅವರು ಬೆಲ್ಜಿಯಂಗೆ ಹೋಗಿದ್ದು ಐರಿಶ್ ಸ್ವಯಂಸೇವಕ ಪಡೆಗೆ ಬಂದೂಕು ಕೊಳ್ಳೋದಕ್ಕೆ. ಅಷ್ಟರಲ್ಲಿ ಜರ್ಮನ್ ಸೇನೆ ಬೆಲ್ಜಿಯಂಗೆ ನುಗ್ಗಿತು. ಅಲ್ಲಿ ಕಂಡದ್ದು ಅವರನ್ನು ಅಲುಗಾಡಿಸಿತು. ಊರಿಗೆ ಬಂದು ಬ್ರಿಟಿಷ್ ಸೇನೆ ಸೇರಿದರು.

1916ರ ಏಪ್ರಿಲ್‌ನಲ್ಲಿ, ಈಸ್ಟರ್ ಹಬ್ಬದ ಸೋಮವಾರ, ಡಬ್ಲಿನ್ನಿನಲ್ಲಿ ದಂಗೆ ಎದ್ದಿತು. ಸ್ವತಂತ್ರ ಐರ್ಲೆಂಡ್ ಅಂತ ಘೋಷಣೆಯಾಯಿತು. ಒಂದು ವಾರದಲ್ಲಿ ಬ್ರಿಟಿಷ್ ಸೇನೆ ಅದನ್ನು ಹತ್ತಿಕ್ಕಿತು. ಮೇ 3ರಿಂದ 12ರ ಒಳಗೆ 15 ಜನರನ್ನು ಗುಂಡಿಟ್ಟು ಕೊಂದರು. ಆ ಈಸ್ಟರ್ ವಾರದಲ್ಲೇ ಇನ್ನೊಂದು ಸಾವು ಆಯಿತು. ಕೆಟಲ್ ಅವರ ಷಡ್ಡಕ ಫ್ರಾನ್ಸಿಸ್ ಶೀಹಿ ಸ್ಕೆಫಿಂಗ್ಟನ್, ಯಾವ ಆಯುಧವನ್ನೂ ಹಿಡಿಯದ ಶಾಂತಿವಾದಿ. ಬೀದಿಯಲ್ಲಿ ಲೂಟಿ ತಡೆಯಲು ಓಡಾಡುತ್ತಿದ್ದವರು. ಅವರನ್ನು ಹಿಡಿದು, ವಿಚಾರಣೆಯೇ ಇಲ್ಲದೆ, ಬ್ರಿಟಿಷ್ ಅಧಿಕಾರಿಯೊಬ್ಬನ ಅಪ್ಪಣೆಯಂತೆ ಗುಂಡು ಹಾರಿಸಿ ಸಾಯಿಸಿದರು.

ಕೆಟಲ್ ಅವರ ಸ್ಥಿತಿ ಯೋಚಿಸಿ. ಹೆಂಡತಿಯ ಅಕ್ಕನ ಗಂಡನನ್ನು ಕೊಂದ ಸೇನೆಯ ಸಮವಸ್ತ್ರ ನಿಮ್ಮ ಮೈಮೇಲೇ ಇದ್ದರೆ ಹೇಗಿರುತ್ತದೆ? ದಂಗೆಯ ನಾಯಕರು ವೀರರು, ಹುತಾತ್ಮರು ಅಂತ ಇತಿಹಾಸ ಸೇರುತ್ತಾರೆ, ನನ್ನ ಹೆಸರು ಉಳಿದರೂ ಒಬ್ಬ ಬ್ರಿಟಿಷ್ ಆಫೀಸರ್ ಅಂತಲೇ ಉಳಿಯುತ್ತದೆ ಅನ್ನುವ ಅರ್ಥದ ಮಾತನ್ನು ಅವರು ಆಗಲೇ ಆಡಿದ್ದರು. ಅದೇ ವರ್ಷ ಸೆಪ್ಟೆಂಬರ್ 9ಕ್ಕೆ ಫ್ರಾನ್ಸಿನ ಜಿಂಚಿ ಎಂಬಲ್ಲಿ ಸತ್ತರು. ಅವರ ಪುತ್ಥಳಿ ಡಬ್ಲಿನ್ನಿನಲ್ಲಿ ನಿಂತಿದ್ದು 1937ರಲ್ಲಿ, ಯಾವ ಸಮಾರಂಭವೂ ಇಲ್ಲದೆ.

[ದೃಶ್ಯ: ಅಂಗೈ ಅಗಲದ ಕಂಚಿನ ಬಿಲ್ಲೆ.]

ಈಗ ಈ ಬಿಲ್ಲೆ ನೋಡಿ. 12 ಸೆಂಟಿಮೀಟರ್ ಅಗಲ, ಕಂಚಿನದು. ಯುದ್ಧದಲ್ಲಿ ಸತ್ತ ಪ್ರತಿ ಸೈನಿಕನ ಮನೆಗೂ ಬ್ರಿಟಿಷ್ ಸರ್ಕಾರ ಇಂಥದ್ದೊಂದು ಕಳಿಸಿತು. ಸಿಂಹ ಇದೆ, ಪಕ್ಕದಲ್ಲಿ ಬ್ರಿಟಾನಿಯಾ ದೇವಿ ನಿಂತಿದ್ದಾಳೆ, ಸತ್ತವನ ಹೆಸರು ಇದೆ. ಜನ ಇದನ್ನು ಕರೆದದ್ದು ಸತ್ತವನ ಕಾಸು ಅಂತ. ಅಂಚಿನಲ್ಲಿ ಸುತ್ತಲೂ ಹೀಗೆ ಬರೆದಿದೆ: ಈತ ಸ್ವಾತಂತ್ರ್ಯಕ್ಕಾಗಿ, ಗೌರವಕ್ಕಾಗಿ ಪ್ರಾಣ ಕೊಟ್ಟ.

ಇದು ಡಬ್ಲಿನ್ನಿನ ಮನೆಗಳಿಗೆ ಬಂದದ್ದು ಯಾವಾಗ? 1919ರಿಂದ ಈಚೆಗೆ. ಐರ್ಲೆಂಡ್ ತನ್ನ ಸ್ವಾತಂತ್ರ್ಯಕ್ಕಾಗಿ ಬ್ರಿಟನ್ ವಿರುದ್ಧವೇ ಹೋರಾಡುತ್ತಿದ್ದ ಹೊತ್ತಿನಲ್ಲಿ. ಬ್ಲ್ಯಾಕ್ ಅಂಡ್ ಟ್ಯಾನ್ಸ್ ಅನ್ನುವ ಪೊಲೀಸ್ ಪಡೆ ಊರುಗಳಿಗೆ ಬೆಂಕಿ ಇಡುತ್ತಿತ್ತು. ಮಗನನ್ನು ಕಳಕೊಂಡ ತಾಯಿ ಆ ಬಿಲ್ಲೆಯನ್ನು ಗೋಡೆಗೆ ಹಾಕಲಾ, ಪೆಟ್ಟಿಗೆಯ ತಳದಲ್ಲಿ ಮುಚ್ಚಿಡಲಾ? ಎಷ್ಟೋ ಮನೆಗಳಲ್ಲಿ ಅದು ಪೆಟ್ಟಿಗೆಗೇ ಹೋಯಿತು.

ಆ ಹೋರಾಟದ ಒಂದು ಎಳೆ ನಮ್ಮ ನೆಲಕ್ಕೂ ಬಂದಿದೆ. 1920ರ ಜೂನ್‌ನಲ್ಲಿ ಪಂಜಾಬಿನ ಜಲಂಧರಿನಲ್ಲಿದ್ದ ಕನಾಟ್ ರೇಂಜರ್ಸ್ ಎಂಬ ಐರಿಶ್ ಪಡೆಯ ಸೈನಿಕರು, ತಮ್ಮೂರಲ್ಲಿ ನಡೆಯುತ್ತಿದ್ದ ದೌರ್ಜನ್ಯದ ಸುದ್ದಿ ಕೇಳಿ, ಬಂದೂಕು ಕೆಳಗಿಟ್ಟರು. ಸೋಲನ್‌ನಲ್ಲಿದ್ದವರೂ ದಂಗೆ ಎದ್ದರು. ಅವರಲ್ಲಿ ಜೇಮ್ಸ್ ಡಾಲಿ ಎಂಬ ಯುವಕನನ್ನು ನವೆಂಬರ್ 2ಕ್ಕೆ ಶಿಮ್ಲಾ ಬೆಟ್ಟದ ಹತ್ತಿರದ ದಗ್ಶಾಯಿಯಲ್ಲಿ ಗುಂಡಿಟ್ಟು ಕೊಂದರು. ಅವನ ಅಸ್ಥಿ ಐರ್ಲೆಂಡಿಗೆ ಮರಳಿದ್ದು 1970ರಲ್ಲಿ. ಅವನೂ ಬ್ರಿಟಿಷ್ ಸೇನೆಯ ಸೈನಿಕನೇ. ಅವನಿಗೆ ಯಾವ ಹೂವು?

ಸ್ವಾತಂತ್ರ್ಯ ಬಂದ ಮೇಲೂ, 1920ರ ದಶಕದಲ್ಲಿ, ಮೊದಲ ಮಹಾಯುದ್ಧ ನಿಂತ ದಿನವಾದ ನವೆಂಬರ್ 11ಕ್ಕೆ ಡಬ್ಲಿನ್ನಿನ ಬೀದಿಯಲ್ಲಿ ಸಾವಿರಾರು ಜನ ಸೇರುತ್ತಿದ್ದರು. ಪಾಪ್ಪಿ ಮಾರಾಟವಾಗುತ್ತಿತ್ತು. ಕೋಟಿನಿಂದ ಅದನ್ನು ಕಿತ್ತು ಓಡುವವರಿದ್ದರು. ಕಿತ್ತವರ ಬೆರಳು ಕುಯ್ಯಲಿ ಅಂತ ಹೂವಿನ ಹಿಂದೆ ಬ್ಲೇಡ್ ಇಟ್ಟುಕೊಂಡು ಬರುವವರೂ ಇದ್ದರು. 1926ರಲ್ಲಿ ಇನ್ನೊಂದು ಕಾಗದದ ಹೂವು ಬಂತು, ಈಸ್ಟರ್ ಲಿಲ್ಲಿ. ಅದು 1916ರ ದಂಗೆಯಲ್ಲಿ ಸತ್ತವರಿಗೆ. ಅಲ್ಲಿಂದ ಯಾವ ಹೂವು ಸಿಕ್ಕಿಸಿದ್ದೀರಿ ಅನ್ನುವುದರ ಮೇಲೆ ನೀವು ಯಾರ ಕಡೆ ಅಂತ ಜನ ಗುರುತಿಸತೊಡಗಿದರು.

[ದೃಶ್ಯ: ಲಿಫ್ಫಿ ನದಿಯ ದಡ, ಐಲೆಂಡ್‌ಬ್ರಿಡ್ಜ್. ಗ್ರಾನೈಟ್ ಕಂಬಗಳು, ಗುಲಾಬಿ ತೋಟ, ತಾವರೆ ಕೊಳ.]

ಡಬ್ಲಿನ್ನಿಗೆ ಹೋದರೆ ಈ ಜಾಗ ತಪ್ಪಿಸಬೇಡಿ. ಐರಿಶ್ ರಾಷ್ಟ್ರೀಯ ಯುದ್ಧ ಸ್ಮಾರಕ ಉದ್ಯಾನ. ವಿನ್ಯಾಸ ಮಾಡಿದವರು ಎಡ್ವಿನ್ ಲುಟ್ಯೆನ್ಸ್, ನಮ್ಮ ದೆಹಲಿಯ ಇಂಡಿಯಾ ಗೇಟ್ ವಿನ್ಯಾಸವೂ ಅವರದೇ. 1930ರ ದಶಕದಲ್ಲಿ ಇದನ್ನು ಕಟ್ಟಿದ ಕೂಲಿಗಳಲ್ಲಿ ಅರ್ಧ ಜನ ಬ್ರಿಟಿಷ್ ಸೇನೆಯಲ್ಲಿದ್ದವರು, ಅರ್ಧ ಜನ ಸ್ವತಂತ್ರ ಐರ್ಲೆಂಡಿನ ಸೇನೆಯಲ್ಲಿದ್ದವರು. ಹೆಚ್ಚು ಜನಕ್ಕೆ ಕೆಲಸ ಸಿಗಲಿ ಅಂತ ಯಂತ್ರ ಕಡಿಮೆ ಮಾಡಿ, ಭಾರಿ ಗ್ರಾನೈಟ್ ಕಲ್ಲುಗಳನ್ನು ಹಗ್ಗ, ರಾಟೆ ಹಾಕಿ ಎಳೆದರು. ಕಲ್ಲಿನ ಮೇಲೆ ಕೆತ್ತಿರುವ ಸಂಖ್ಯೆ 49,400. ಐರಿಶ್ ಪಡೆಗಳಲ್ಲಿದ್ದ ಬೇರೆ ಊರಿನವರೂ ಅದರಲ್ಲಿ ಸೇರಿದ್ದಾರೆ. ಐರಿಶರನ್ನು ಮಾತ್ರ ಎಣಿಸಿದರೆ ಸುಮಾರು 35,000 ಅನ್ನುವುದು ಹೆಚ್ಚಾಗಿ ಹೇಳುವ ಲೆಕ್ಕ.

1939ರಲ್ಲಿ ಉದ್ಯಾನ ಸಿದ್ಧವಾಗಿತ್ತು. ವಿಧಿವತ್ತಾಗಿ ತೆರೆದದ್ದು 1988ರಲ್ಲಿ. ಸುಮಾರು ಅರ್ಧ ಶತಮಾನ. ನಡುವೆ ಅದು ಹಾಳುಬಿದ್ದು, ಕಳೆ ಬೆಳೆದು ನಿಂತಿತ್ತು. ಹೊಟ್ಟೆಪಾಡಿಗೆ ಹೋಗಿ ಸತ್ತ ಆ ಹುಡುಗರನ್ನು ಅವರ ದೇಶವೇ ಹೀಗೆ ಮರೆತದ್ದು ಅನ್ಯಾಯ ಅಂತ ನಾನು ನಂಬುತ್ತೇನೆ. ಹೂವು ಬೇಡ ಅನ್ನುವುದು ಬೇರೆ, ಸತ್ತವರ ಹೆಸರೇ ಎತ್ತದಿರುವುದು ಬೇರೆ.

ಈಗ ಮತ್ತೆ ಮೆಕ್ಲೀನ್ ಹತ್ತಿರ ಬರೋಣ.

ದೇಶ ಇಬ್ಭಾಗವಾಗಿ ಉತ್ತರ ಐರ್ಲೆಂಡ್ ಬ್ರಿಟನ್ನಿನಲ್ಲೇ ಉಳಿಯಿತು. 1969ರಲ್ಲಿ ಅಲ್ಲಿನ ಬೀದಿಗಳಿಗೆ ಬ್ರಿಟಿಷ್ ಸೇನೆ ಇಳಿಯಿತು. 1972ರ ಜನವರಿ 30, ಡೆರಿಯಲ್ಲಿ ನಾಗರಿಕ ಹಕ್ಕಿನ ಮೆರವಣಿಗೆ. ಪ್ಯಾರಾಚೂಟ್ ರೆಜಿಮೆಂಟಿನ ಸೈನಿಕರು ಗುಂಡು ಹಾರಿಸಿದರು. ಅದೇ ದಿನ 13 ಜನ ಸತ್ತರು, ಆಮೇಲೆ ಇನ್ನೊಬ್ಬರು. ಆ 14ರಲ್ಲಿ 6 ಜನ ಕ್ರೆಗನ್ ಎಂಬ ಬಡಾವಣೆಯವರು. ಮೆಕ್ಲೀನ್ ಹುಟ್ಟಿ ಬೆಳೆದದ್ದು ಅದೇ ಕ್ರೆಗನ್‌ನಲ್ಲಿ. ಸತ್ತವರು ತಪ್ಪು ಮಾಡಿರಲಿಲ್ಲ ಅಂತ ತನಿಖಾ ವರದಿ ಹೇಳಿ, ಬ್ರಿಟಿಷ್ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2010ರಲ್ಲಿ. 38 ವರ್ಷ ಆದ ಮೇಲೆ.

2014ರಲ್ಲಿ ಮೆಕ್ಲೀನ್ ವಿಗನ್ ತಂಡದಲ್ಲಿದ್ದಾಗ ಕ್ಲಬ್ಬಿನ ಮಾಲೀಕರಿಗೆ ಒಂದು ಬಹಿರಂಗ ಪತ್ರ ಬರೆದರು. ಎರಡು ಮಹಾಯುದ್ಧಗಳಲ್ಲಿ ಸತ್ತವರಿಗೆ ಮಾತ್ರ ಈ ಹೂವು ಅಂತಿದ್ದರೆ ವರ್ಷವಿಡೀ ಬೇಕಾದರೂ ಹಾಕಿಕೊಳ್ಳುತ್ತಿದ್ದೆ, ಆದರೆ ಅದು ಆಮೇಲಿನ ಕಾರ್ಯಾಚರಣೆಗಳಿಗೂ ಸೇರಿದ್ದು, ಹಾಕಿಕೊಂಡರೆ ನನ್ನೂರಿನಲ್ಲಿ ಸತ್ತವರಿಗೆ ಅವಮಾನ ಮಾಡಿದ ಹಾಗೆ ಅನ್ನುವುದು ಅದರ ಸಾರ. ಬೈಯುವ ಮೊದಲು ಆ ಪತ್ರ ಓದಿದ್ದರೆ ಎಷ್ಟೋ ಜನ ಸುಮ್ಮನಾಗುತ್ತಿದ್ದರೇನೋ.

[ದೃಶ್ಯ: ಎನಿಸ್ಕಿಲನ್ ಪಟ್ಟಣದ ಯುದ್ಧ ಸ್ಮಾರಕ.]

ಇನ್ನೊಂದು ಕಡೆಯ ನೋವೂ ಅಷ್ಟೇ ನಿಜ. ಉತ್ತರ ಐರ್ಲೆಂಡಿನಲ್ಲಿ ಬ್ರಿಟನ್ ಜೊತೆಗೇ ಇರಬೇಕು ಅನ್ನುವ ಯೂನಿಯನಿಸ್ಟ್ ಜನರಿಗೆ ಈ ಹೂವು ಮನೆಯದೇ. 1916ರ ಜುಲೈ 1, ಸೋಮ್ ಯುದ್ಧದ ಮೊದಲ ದಿನ, ಅವರ 36ನೇ ಅಲ್ಸ್ಟರ್ ಡಿವಿಷನ್ ಮುನ್ನುಗ್ಗಿತು. ಎರಡೇ ದಿನದಲ್ಲಿ 5,000ಕ್ಕೂ ಜಾಸ್ತಿ ಜನ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು. ಒಂದೇ ಬೀದಿಯ ಹಲವು ಮನೆಗಳಿಗೆ ಒಂದೇ ವಾರದಲ್ಲಿ ಸಾವಿನ ಸುದ್ದಿ ಬಂತು.

1987ರ ನವೆಂಬರ್ 8. ಎನಿಸ್ಕಿಲನ್‌ನಲ್ಲಿ ಸತ್ತವರನ್ನು ನೆನೆಯುವ ಭಾನುವಾರ. ಸ್ಮಾರಕದ ಹತ್ತಿರ, ಕೋಟಿಗೆ ಪಾಪ್ಪಿ ಸಿಕ್ಕಿಸಿಕೊಂಡು ನಿಂತಿದ್ದ ಜನರ ಮೇಲೆ ಗೋಡೆ ಕುಸಿದು ಬಿತ್ತು. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಬಂದೂಕು ಹಿಡಿದಿದ್ದ ಐಆರ್‌ಎ ಸಂಘಟನೆ ಇಟ್ಟ ಬಾಂಬ್. 11 ಜನ ಹೋದರು. ಗಾರ್ಡನ್ ವಿಲ್ಸನ್ ಎಂಬ ಬಟ್ಟೆ ವ್ಯಾಪಾರಿ ಅವಶೇಷದ ಅಡಿಯಲ್ಲಿ ಮಗಳ ಕೈ ಹಿಡಿದುಕೊಂಡೇ ಇದ್ದರು. ಮಗಳಿಗೆ 20 ವರ್ಷ, ನರ್ಸ್. ಅವಳು ಉಳಿಯಲಿಲ್ಲ. ನನಗೆ ಯಾರ ಮೇಲೂ ದ್ವೇಷ ಇಲ್ಲ ಅಂತ ಆ ತಂದೆ ಅವತ್ತೇ ಹೇಳಿದರು. ಆ ಊರಿನವರ ಮುಂದೆ ನಿಂತು ಈ ಹೂವು ಬರೀ ಸಾಮ್ರಾಜ್ಯದ ಗುರುತು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

ಹಾಗಾದರೆ ಐರ್ಲೆಂಡ್ ಏನು ಮಾಡಿತು? 1997ರ ನವೆಂಬರ್ 11ಕ್ಕೆ ಮೇರಿ ಮೆಕ್‌ಅಲೀಸ್ ಅಧ್ಯಕ್ಷೆಯಾಗಿ ಪ್ರಮಾಣವಚನ ತೆಗೆದುಕೊಂಡರು. ಅದೇ ದಿನ, ಆದರೂ ಪಾಪ್ಪಿ ಹಾಕಿಕೊಳ್ಳಲು ಒಪ್ಪಲಿಲ್ಲ. ಸರಿಯಾಗಿ ಒಂದು ವರ್ಷಕ್ಕೆ ಅವರೇ ಬೆಲ್ಜಿಯಂನ ಮೆಸೀನ್‌ಗೆ ಹೋಗಿ, ಬ್ರಿಟನ್ನಿನ ರಾಣಿಯ ಜೊತೆ ನಿಂತು, ಐರಿಶ್ ಶೈಲಿಯ ದುಂಡು ಗೋಪುರವೊಂದನ್ನು ಉದ್ಘಾಟಿಸಿದರು. 1917ರಲ್ಲಿ ಐರ್ಲೆಂಡಿನ ಎರಡೂ ಕಡೆಯ ಪಡೆಗಳು ಅಕ್ಕಪಕ್ಕ ನಿಂತು ಹೋರಾಡಿದ ಜಾಗ ಅದು. ನನ್ನ ಕಣ್ಣಿಗೆ ಇಡೀ ವಿಷಯ ಇಷ್ಟರಲ್ಲೇ ಇದೆ. ಆಕೆ ಬೇಡ ಅಂದದ್ದು ಹೂವನ್ನು, ಸತ್ತವರನ್ನಲ್ಲ.

2017ರಲ್ಲಿ ಆಗಿನ ಐರಿಶ್ ಪ್ರಧಾನಿ ಲಿಯೋ ವರಾಡ್ಕರ್, ತಂದೆ ಮುಂಬೈಯವರು, ಐರ್ಲೆಂಡಿನ ಗುರುತಾದ ಶ್ಯಾಮ್‌ರಾಕ್ ಎಲೆಯ ಜೊತೆ ಪಾಪ್ಪಿ ಸೇರಿಸಿದ ಬ್ಯಾಡ್ಜ್ ಹಾಕಿಕೊಂಡು ಸಂಸತ್ತಿಗೆ ಬಂದರು. ಕೆಲವರು ಮೆಚ್ಚಿದರು, ಕೆಲವರು ರೇಗಿದರು. ಗಾಯ ಇನ್ನೂ ಪೂರ್ತಿ ಮಾಗಿಲ್ಲ. ಡಬ್ಲಿನ್ನಿನ ಗ್ಲಾಸ್ನೆವಿನ್ ಸ್ಮಶಾನದಲ್ಲಿ 1916ರಲ್ಲಿ ಸತ್ತ ಎಲ್ಲರ ಹೆಸರನ್ನೂ, ಬ್ರಿಟಿಷ್ ಸೈನಿಕರನ್ನೂ ಸೇರಿಸಿ, ಒಂದೇ ಗೋಡೆಯ ಮೇಲೆ ಕೆತ್ತಿದ್ದರು. ಅದರ ಮೇಲೆ ಒಮ್ಮೆ ಬಣ್ಣ ಎರಚಿದರು, ಇನ್ನೊಮ್ಮೆ ಸುತ್ತಿಗೆಯಿಂದ ಒಡೆದರು. ಕೊನೆಗೆ ಅದನ್ನು ಕೈಬಿಡಬೇಕಾಯಿತು.

[ದೃಶ್ಯ: ಬೆಲ್‌ಫಾಸ್ಟ್ ಸಿಟಿ ಹಾಲ್, ನವೆಂಬರ್.]

2024ರ ನವೆಂಬರ್ 10. ಉತ್ತರ ಐರ್ಲೆಂಡಿನ ಫಸ್ಟ್ ಮಿನಿಸ್ಟರ್ ಮಿಷೆಲ್ ಒನೀಲ್ ಬೆಲ್‌ಫಾಸ್ಟಿನ ಸ್ಮಾರಕದ ಮುಂದೆ ಬಂದು ನಿಂತರು. ಐಆರ್‌ಎ ಜೊತೆ ಗುರುತಿಸಿಕೊಂಡು ಬಂದ ಶಿನ್ ಫೇನ್ ಪಕ್ಷದವರು. ಈ ದಿನದ ಅಧಿಕೃತ ಕಾರ್ಯಕ್ರಮಕ್ಕೆ ಅವರ ಪಕ್ಷದ ಇಷ್ಟು ದೊಡ್ಡ ನಾಯಕರು ಬಂದದ್ದು ಅದೇ ಮೊದಲು. ತಮ್ಮ ಕಡೆಯವರಿಂದಲೇ ಆಕ್ಷೇಪ ಬಂದಿತ್ತು. ಸುತ್ತ ನಿಂತವರ ಕೋಟಿನ ಮೇಲೆಲ್ಲ ಕೆಂಪು ಹೂವು. ಅವರ ಕೋಟಿನ ಮೇಲೆ ಇರಲಿಲ್ಲ. ಹಸಿರು ಲಾರೆಲ್ ಎಲೆಯ ಚಕ್ರವೊಂದನ್ನು ಕಲ್ಲಿನ ಬುಡದಲ್ಲಿಟ್ಟು, ಹಿಂದೆ ಸರಿದು, ಎಲ್ಲರ ಜೊತೆ ಮೌನವಾಗಿ ನಿಂತರು.

ಡಬ್ಲಿನ್, ಬೆಲ್‌ಫಾಸ್ಟ್ ಕಡೆ ಇರುವ ನಮ್ಮ ಕನ್ನಡಿಗರು ಈ ವಿಡಿಯೋ ನೋಡುತ್ತಿದ್ದರೆ, ನಿಮ್ಮ ಆಫೀಸಿನಲ್ಲಿ, ಆಸ್ಪತ್ರೆಯಲ್ಲಿ ನವೆಂಬರ್ ಹೇಗಿರುತ್ತದೆ ಅಂತ ಕೆಳಗೆ ಬರೆಯಿರಿ. ಓದುತ್ತೇನೆ. ನಮಸ್ಕಾರ.