ದಿನಾನಾ? ಈಗಲಾ?

ಕೇಳುಗರಿಗೆ ನಮಸ್ಕಾರ. ಮನೆಯಲ್ಲಿ ಪುಟ್ಟ ಮಕ್ಕಳಿಗೆ ಇಂಗ್ಲಿಷ್ ಹೋಂವರ್ಕ್ ಮಾಡಿಸುವ ಅಮ್ಮಂದಿರು, ಅಪ್ಪಂದಿರು, ಅಜ್ಜಿ ತಾತಂದಿರು ಒಂದು ಹತ್ತು ನಿಮಿಷ ಇತ್ತ ಕಿವಿ ಕೊಡಿ. ಒಲೆ ಆರಿಸಬೇಕಿಲ್ಲ, ಸೌಟು ಕೈಯಲ್ಲಿದ್ದರೂ ಪರವಾಗಿಲ್ಲ.

ನಾನು ಹೇಳೋಕೆ ಬಂದಿರುವುದು ಒಂದೇ ಮಾತು. ಇಂಗ್ಲಿಷಿನ ವರ್ತಮಾನ ಕಾಲ ನಿಮ್ಮ ಮಗುವಿಗೆ ಆಗಲೇ ಗೊತ್ತಿದೆ. ಕನ್ನಡದಲ್ಲಿ ಗೊತ್ತಿದೆ. "ಅಜ್ಜಿ ಕಾಫಿ ಕುಡೀತಾರೆ", "ಅಜ್ಜಿ ಕಾಫಿ ಕುಡೀತಾ ಇದ್ದಾರೆ". ಇವೆರಡೂ ಬೇರೆ ಅಂತ ಶಾಲೆ ಮೆಟ್ಟಿಲು ಹತ್ತದ ಮಗುವಿಗೂ ತಿಳಿಯುತ್ತದೆ. ಮೊದಲನೆಯದು ದಿನಾ ನಡೆಯುವುದು, ಅದು ಡ್ರಿಂಕ್ಸ್. ಎರಡನೆಯದು ಈಗ, ಲೋಟ ಇನ್ನೂ ಕೈಯಲ್ಲೇ ಇದೆ, ಅದು ಈಸ್ ಡ್ರಿಂಕಿಂಗ್. ಅಷ್ಟೇ! ನಮ್ಮ ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007ರಿಂದ ಒಂದನೇ ಕ್ಲಾಸಿಗೇ ಇಂಗ್ಲಿಷ್ ಇದೆ, ಸಂತೋಷ, ಆದರೆ ಆರು ವರ್ಷದ ಕೂಸಿನ ಹತ್ತಿರ ಸಬ್ಜೆಕ್ಟ್ ಪ್ಲಸ್ ಈಸ್ ಪ್ಲಸ್ ವರ್ಬ್ ಪ್ಲಸ್ ಐಎನ್‌ಜಿ ಅಂತ ಮಗ್ಗಿ ಥರ ಬಾಯಿಪಾಠ ಮಾಡಿಸುವುದು ಯಾಕೆ ಹೇಳಿ? ಸೂತ್ರ ಬರುತ್ತದೆ, ಮಾತು ಬರೋದಿಲ್ಲ. ನೀವು ಕೇಳಬೇಕಾದ್ದು ಎರಡೇ ಪದ. ದಿನಾನಾ? ಈಗಲಾ?

ಒಂದು ಘಟನೆ ಹೇಳುತ್ತೇನೆ. ಚಾಮರಾಜಪೇಟೆ ಕಡೆ ಒಂದು ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೆ ಪಾಠ ಮಾಡುತ್ತಿದ್ದೆ. ಒಂದು ದಿನ ಯಾರೋ ದೊಡ್ಡವರು ಶಾಲೆ ನೋಡಲು ಬಂದರು. ಗರಿಗರಿ ಇಸ್ತ್ರಿ ಶರಟು, ಜೇಬಿನಲ್ಲಿ ಎರಡು ಪೆನ್ನು. ಮಕ್ಕಳ ಇಂಗ್ಲಿಷ್ ನೋಡೇಬಿಡೋಣ ಅಂತ ಮೊದಲ ಬೆಂಚಿನ ಹುಡುಗನನ್ನು ಎಬ್ಬಿಸಿ, "ವಾಟ್ ಈಸ್ ಯುವರ್ ಫಾದರ್ ಡೂಯಿಂಗ್?" ಅಂದರು. ಹುಡುಗ ಕೈಕಟ್ಟಿ ನಿಂತು, ಚೂರೂ ತಡವರಿಸದೆ, "ಮೈ ಫಾದರ್ ಈಸ್ ಸ್ಲೀಪಿಂಗ್ ಸರ್" ಅಂದ. ಕ್ಲಾಸೆಲ್ಲ ಗೊಳ್ಳಂತ ನಕ್ಕಿತು. ಅವರಿಗೆ ಸಿಟ್ಟು ಬಂತು, ತಲೆಹರಟೆ ಹುಡುಗ ಅಂದುಕೊಂಡರು ಅಂತ ಕಾಣುತ್ತೆ. ಇನ್ನೂ ಜೋರಾಗಿ ಅದನ್ನೇ ಕೇಳಿದರು. ಇವನು ಗೋಡೆ ಗಡಿಯಾರದ ಕಡೆ ನೋಡಿದ. ಹನ್ನೊಂದೂವರೆ. ನೋಡಿ, ಮತ್ತೆ, "ಸ್ಲೀಪಿಂಗ್ ಸರ್" ಅಂದ.

ವಿಷಯ ಏನಪ್ಪಾ ಅಂದರೆ, ಅವರಪ್ಪ ಮೆಜೆಸ್ಟಿಕ್ಕಿನಲ್ಲಿ ರಾತ್ರಿ ಆಟೋ ಓಡಿಸುವವರು. ಬೆಳಿಗ್ಗೆ ಮನೆಗೆ ಬಂದು ಮಲಗಿದರೆ ಏಳುವುದು ಮಧ್ಯಾಹ್ನ ಊಟಕ್ಕೆ. ಹುಡುಗ ಗಡಿಯಾರ ನೋಡಿ ಖಾತ್ರಿ ಮಾಡಿಕೊಂಡೇ ಉತ್ತರ ಕೊಟ್ಟಿದ್ದ! ಎಡವಿದ್ದು ಕೇಳಿದವರು. ಕೆಲಸ ಏನು ಅಂತ ತಿಳಿಯಬೇಕಿದ್ದರೆ "ವಾಟ್ ಡಸ್ ಯುವರ್ ಫಾದರ್ ಡೂ?" ಅನ್ನಬೇಕಿತ್ತು. ಅವರಿಗೆ ಅದನ್ನು ಹೇಳುವ ಧೈರ್ಯ ನನಗೆಲ್ಲಿ? ಹುಡುಗನಿಗೇ ಮೆಲ್ಲಗೆ, "ಈಗಿನದಲ್ಲ ಕಣೋ, ದಿನಾ ಮಾಡೋದು" ಅಂದೆ. "ಓ, ದಿನಾನಾ ಮಿಸ್?" ಅಂದವನೇ ಅವರ ಕಡೆ ತಿರುಗಿ, "ಮೈ ಫಾದರ್ ಡ್ರೈವ್ಸ್ ಆಟೋ ಸರ್, ಇನ್ ನೈಟ್" ಅಂದ. ಇನ್ ಅಲ್ಲ, ಆಟ್. ಅದಿರಲಿ. ಡ್ರೈವ್ಸ್ ಅಂತ ಎಸ್ ಹಚ್ಚಿದನಲ್ಲ, ಅದಕ್ಕೇ ನನ್ನ ಡಬ್ಬಿಯಲ್ಲಿದ್ದ ಕೊಬ್ಬರಿಮಿಠಾಯಿ ಪೂರ್ತಿ ಅವನಿಗೇ ಕೊಟ್ಟೆ.

ಹತ್ತು ನಿಮಿಷದಲ್ಲಿ ಅರ್ಧ ಈ ಹುಡುಗನಿಗೇ ಹೋಯಿತು. ಬೇಗ ಬೇಗ ಹೇಳುತ್ತೇನೆ.

ಆ ಎಸ್‌ಗೆ ಮಕ್ಕಳು ಹೆದರುತ್ತಾರೆ. ಕನ್ನಡದಲ್ಲಿ ಬರ್ತೀನಿ, ಬರ್ತೀಯ, ಬರ್ತಾನೆ, ಬರ್ತಾಳೆ, ಬರುತ್ತೆ ಅಂತ ಎಷ್ಟೊಂದು ಬಾಲ ನೆನಪಿಟ್ಟುಕೊಂಡ ಮಗುವಿಗೆ ಹಿ, ಶಿ, ಇಟ್ ಬಂದಾಗ ಒಂದು ಎಸ್ ಹಚ್ಚುವುದು ಯಾವ ಮಹಾ ಕಷ್ಟ?

ಗೊತ್ತು, ಬೇಕು, ಇಷ್ಟ, ಇವಕ್ಕೆ ಕನ್ನಡದಲ್ಲಿ "ತಾ ಇದೆ" ಸೇರುವುದಿಲ್ಲ. "ನನಗೆ ಬೇಕ್ತಾ ಇದೆ" ಅಂತೀವಾ? ಹಾಗೇ ನೋ, ವಾಂಟ್, ಲೈಕ್‌ಗೆ ಐಎನ್‌ಜಿ ಬೇಡ. ದೊಡ್ಡವರೇ "ಐ ಆಮ್ ಹ್ಯಾವಿಂಗ್ ಟೂ ಚಿಲ್ಡ್ರನ್" ಅನ್ನುತ್ತಾರೆ. ಸ್ವಾಮಿ, ಟೂ ಇಡ್ಲೀಸ್ ಆದರೆ ಸರಿ, ತಿನ್ನುತ್ತಿದ್ದೀರಿ. ಮಕ್ಕಳನ್ನಲ್ಲ! ಐ ಹ್ಯಾವ್ ಅನ್ನಿ. ಕನ್ನಡ ಕೈಕೊಡುವ ಜಾಗವೂ ಒಂದಿದೆ. ಕೂತಿದ್ದಾನೆ, ನಿಂತಿದ್ದಾನೆ, ಮಲಗಿದ್ದಾನೆ, ಇವುಗಳಲ್ಲಿ "ತಾ" ಕಾಣದಿದ್ದರೂ ಇಂಗ್ಲಿಷಿನಲ್ಲಿ ಐಎನ್‌ಜಿ ಬೇಕು. ಅಲ್ಲೂ ಅದೇ ಪ್ರಶ್ನೆ ಕೇಳಿ, ಈಗಲಾ? ಹೌದು, ಈಗ. ಹಾಗಾದರೆ ಈಸ್ ಸಿಟಿಂಗ್.

ಅಭ್ಯಾಸಕ್ಕೆ ವರ್ಕ್‌ಬುಕ್ ಬೇಡ, ಬಸ್ಸಿನ ಕಿಟಕಿ ಸಾಕು. ಗಾಂಧಿ ಬಜಾರಿನಲ್ಲಿ ಹೂ ಮಾರುವಾಕೆ ಬುಟ್ಟಿ ಪಕ್ಕ ಕೂತು ಟೀ ಕುಡಿಯುತ್ತಿದ್ದರೆ ಮಗುವಿಗೆ ತೋರಿಸಿ. ಶಿ ಸೆಲ್ಸ್ ಫ್ಲವರ್ಸ್. ಶಿ ಈಸ್ ಡ್ರಿಂಕಿಂಗ್ ಟೀ. ದಿನಾದ್ದೂ ಈಗಿನದೂ ಒಬ್ಬರಲ್ಲೇ ಸಿಕ್ಕಿತು, ಅಲ್ವಾ?

ಇನ್ನು ಕ್ರಿಯಾವಿಶೇಷಣ, ಅಂದರೆ ಆಡ್ವರ್ಬ್. ಆಲ್ವೇಸ್, ಆಫನ್, ಸಮ್‌ಟೈಮ್ಸ್, ನೆವರ್, ಇವೆಲ್ಲ "ದಿನಾನಾ" ಕಡೆಯ ಬಳಗ. ಕೆಲಸದ ಪದಕ್ಕೆ ಮುಂಚೆ ಬರುತ್ತವೆ, ಐ ಆಲ್ವೇಸ್ ವಾಕ್. ಆಮ್, ಈಸ್, ಆರ್ ಇದ್ದರೆ ಅದಾದ ಮೇಲೆ, ಶಿ ಈಸ್ ಆಲ್ವೇಸ್ ಲೇಟ್. ನೆವರ್ ಬಗ್ಗೆ ಮಾತ್ರ ಹುಷಾರು. ನಾವು "ಯಾವತ್ತೂ ತಿನ್ನಲ್ಲ" ಅಂತ ಕೊನೆಯಲ್ಲಿ "ಇಲ್ಲ" ಸೇರಿಸುತ್ತೇವೆ, ಮಕ್ಕಳು ಅದನ್ನೇ ಹಿಡಿದು "ಐ ನೆವರ್ ಡೋಂಟ್ ಈಟ್" ಅನ್ನುತ್ತಾರೆ. ನೆವರ್ ಹೊಟ್ಟೆಯಲ್ಲೇ "ಇಲ್ಲ" ಇದೆ, ಇನ್ನೊಂದು ಬೇಡ.

ಕೊನೆಗೆ ಎಲ್‌ವೈ. ನಿಧಾನ, ನಿಧಾನವಾಗಿ. ಸ್ಲೋ, ಸ್ಲೋಲಿ. ನಮ್ಮ "ಆಗಿ" ಅಲ್ಲಿ "ಲಿ". ಫಾಸ್ಟ್‌ಗೆ ಮಾತ್ರ ಹಚ್ಚಬೇಡಿ, ಹಾರ್ಡ್‌ಗಂತೂ ಬೇಡವೇ ಬೇಡ. ಒಬ್ಬ ತಾಯಿ ಡೈರಿಯಲ್ಲಿ ನನಗೆ ಬರೆದಿದ್ದರು, "ಮೈ ಸನ್ ಸ್ಟಡೀಸ್ ಹಾರ್ಡ್‌ಲಿ" ಅಂತ. ಹಾಗಂದರೆ ನಿಮ್ಮ ಮಗ ಓದುವುದೇ ಕಮ್ಮಿ ಅಂತ ಅರ್ಥ ಆಗುತ್ತೆ ಅಮ್ಮಾ ಅಂದೆ. ಆಯಮ್ಮ ಒಂದು ಗಳಿಗೆ ಯೋಚನೆ ಮಾಡಿ, "ಹಾಗಾದ್ರೆ ಸರಿಯಾಗೇ ಬರ್ದಿದೀನಿ ಬಿಡಿ ಮಿಸ್" ಅಂದರು.

ನಮಸ್ಕಾರ.