ಎರಡನೇ ಸಲದ ಆಪರೇಷನ್ನೂ ಆಪರೇಷನ್ನೇ

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತಿರುವವರು ಮುಂದೆ ಬನ್ನಿ, ಇಲ್ಲಿ ಕುರ್ಚಿ ಖಾಲಿ ಇವೆ. ಹೆಂಡತಿಯನ್ನು ಬಿಟ್ಟು ಟೀ ಕುಡಿಯಲು ಹೊರಟಿರುವ ಗಂಡಸರೂ ದಯವಿಟ್ಟು ಕೂತುಕೊಳ್ಳಿ. ಇವತ್ತಿನ ಮಾತಿನಲ್ಲಿ ಅರ್ಧ ನಿಮಗೇ ಹೇಳಬೇಕಾದದ್ದು.

ನಾನು ಪ್ಲಾಸ್ಟಿಕ್ ಸರ್ಜರಿ ವಾರ್ಡಿನ ನರ್ಸ್. ಆಪರೇಷನ್ ಮಾಡುವವರು ಡಾಕ್ಟರು. ಆಮೇಲೆ ಡ್ರೆಸ್ಸಿಂಗ್ ಬಿಚ್ಚುವುದು, ಡ್ರೇನ್ ಅಂದರೆ ಗಾಯದ ನೀರು ಇಳಿಯುವ ನಳಿಕೆ-ಬಾಟಲಿ ಅಳೆಯುವುದು, ಮನೆಗೆ ಹೋದವರು ರಾತ್ರಿ ಗಾಬರಿಯಿಂದ ಮಾಡುವ ಫೋನ್ ಎತ್ತುವುದು ನಾವು. ಅದಕ್ಕೇ ನನ್ನ ಮಾತು ಆಪರೇಷನ್ ಥಿಯೇಟರಿನ ಒಳಗಿನದ್ದಲ್ಲ. ಸ್ತನ ಮರುಜೋಡಣೆಯ ಎರಡನೇ ಆಪರೇಷನ್ ಮುಗಿಸಿ ಮನೆಗೆ ಹೋದ ಮೇಲಿನದ್ದು.

ಕ್ಯಾನ್ಸರ್ ಅಂತ ಗೊತ್ತಾಗಿ ಸ್ತನ ತೆಗೆದಾಗ ಮನೆ ತುಂಬಾ ಜನ ಇರುತ್ತಾರೆ. ಅಮ್ಮ ಊರಿಂದ ಬರುತ್ತಾರೆ. ನಾದಿನಿ ಅಡುಗೆಗೆ ನಿಲ್ಲುತ್ತಾಳೆ. ಪಕ್ಕದ ಮನೆಯವರು ಸಾರು ಕಳಿಸುತ್ತಾರೆ. ಕೀಮೋ, ಕರೆಂಟು ಅಂದರೆ ರೇಡಿಯೇಷನ್ ಎಲ್ಲಾ ಮುಗಿದು, ಸ್ತನವನ್ನು ಮತ್ತೆ ಕಟ್ಟುವ ಮರುಜೋಡಣೆಯೂ ಆಗಿ, ತಿಂಗಳುಗಳ ನಂತರ ಅದನ್ನು ತಿದ್ದುವ ರಿವಿಷನ್ ಅಂತ ಮತ್ತೆ ಆಸ್ಪತ್ರೆಗೆ ಬಂದರೆ ಯಾರೂ ಇರುವುದಿಲ್ಲ. ‘ಸಣ್ಣದಂತೆ, ನಾಳೆಯೇ ಮನೆಗೆ ಕಳಿಸ್ತಾರಂತೆ’ ಅಂತ ಎಲ್ಲರೂ ಹೇಳಿರುತ್ತಾರೆ. ಅವಳೂ ಹಾಗೇ ನಂಬಿರುತ್ತಾಳೆ. ಮೂರನೇ ದಿನ ಅಡುಗೆಮನೆಯಲ್ಲಿ ಇರುತ್ತಾಳೆ. ಏಳನೇ ದಿನ ನಮ್ಮ ಡ್ರೆಸ್ಸಿಂಗ್ ರೂಮಿನಲ್ಲಿ.

ಚರ್ಮ, ಕೊಬ್ಬು, ಹೊಲಿಗೆ ಇವಕ್ಕೆ ಇದು ಸಣ್ಣ ಆಪರೇಷನ್ ಅಂತ ಗೊತ್ತಿರುವುದಿಲ್ಲ, ಅಲ್ವಾ? ಅವು ತಮಗೆ ಬೇಕಾದಷ್ಟು ದಿನ ತೆಗೆದುಕೊಂಡೇ ತೆಗೆದುಕೊಳ್ಳುತ್ತವೆ. ಜೊತೆಗೆ, ಇಲ್ಲಿ ಗಾಯ ಆಗುವುದು ಈಗಾಗಲೇ ಒಮ್ಮೆ ಕೊಯ್ದ ಜಾಗದಲ್ಲಿ. ಕರೆಂಟು ಕೊಟ್ಟ ಚರ್ಮವಾದರೆ ಇನ್ನೂ ನಿಧಾನ. ಅಲ್ಲಿ ರಕ್ತ ಓಡಾಟ ಕಡಿಮೆ, ಚರ್ಮ ಗಟ್ಟಿ. ರೇಡಿಯೇಷನ್ ಮುಗಿದ ಮೇಲೆ ಡಾಕ್ಟರು ಆರು ತಿಂಗಳು, ಕೆಲವೊಮ್ಮೆ ಇನ್ನೂ ಜಾಸ್ತಿ ಕಾಯಿಸುವುದು ಇದಕ್ಕೇ.

ರಿವಿಷನ್ ಯಾಕೆ ಬೇಕಾಗುತ್ತದೆ? ಮೊದಲ ಆಪರೇಷನ್ ಕೆಟ್ಟಿತು ಅಂತ ಅರ್ಥ ಅಲ್ಲ. ಈ ಮಾತನ್ನು ನಾನು ದಿನಕ್ಕೊಮ್ಮೆಯಾದರೂ ಹೇಳುತ್ತೇನೆ. ಮರುಜೋಡಣೆ ಅನ್ನುವುದು ಹೆಚ್ಚಿನವರಿಗೆ ಒಂದೇ ಸಲಕ್ಕೆ ಮುಗಿಯುವ ಕೆಲಸವೇ ಅಲ್ಲ. ಇಂಪ್ಲಾಂಟ್, ಅಂದರೆ ಸ್ತನದ ಆಕಾರಕ್ಕೆ ಒಳಗಿಡುವ ಕೃತಕ ಚೀಲ, ಅದರ ಸುತ್ತ ದೇಹ ಒಂದು ಪೊರೆ ಕಟ್ಟುತ್ತದೆ. ಅದು ಎಲ್ಲರಿಗೂ ಆಗುತ್ತದೆ. ಕೆಲವರಲ್ಲಿ ಆ ಪೊರೆ ಬಿಗಿದುಕೊಂಡು ಸ್ತನ ಕಲ್ಲಿನಂತಾಗಿ ನೋಯುತ್ತದೆ. ಕೆಲವರಿಗೆ ಇಂಪ್ಲಾಂಟ್ ಜಾರಿ ಕಂಕುಳ ಕಡೆ ಸರಿದಿರುತ್ತದೆ. ಹೊಟ್ಟೆಯ ಚರ್ಮ, ಕೊಬ್ಬು ತೆಗೆದು ಕಟ್ಟಿದವರಲ್ಲಿ ಒಂದು ಕಡೆ ತಗ್ಗು ಬಿದ್ದಿರಬಹುದು. ಹೊಲಿಗೆಯ ತುದಿಯಲ್ಲಿ ಚರ್ಮ ಮೂತಿಯಂತೆ ಎದ್ದು ಬ್ಲೌಸಿಗೆ ಉಜ್ಜುತ್ತಿರಬಹುದು. ಇನ್ನು ಕೆಲವರಿಗೆ ಕೆಲಸ ಇರುವುದು ಆ ಕಡೆಯದ್ದಕ್ಕೆ, ಅಂದರೆ ರೋಗವಿಲ್ಲದ ಸ್ತನಕ್ಕೆ. ಜೋತು ಬಿದ್ದದ್ದನ್ನು ಎತ್ತಿ ಎರಡನ್ನೂ ಹೊಂದಿಸುತ್ತಾರೆ.

‘ಈ ವಯಸ್ಸಿಗೆ ಇದೆಲ್ಲಾ ಬೇಕಿತ್ತಾ’ ಅನ್ನುವವರು ಪ್ರತಿ ಮನೆಯಲ್ಲೂ ಒಬ್ಬರು ಇದ್ದಾರೆ. ಅವರಿಗೆ ಒಂದು ವಿಷಯ ಹೇಳಿ. ಅಮೆರಿಕದಲ್ಲಿ 1998ರಲ್ಲೇ ಒಂದು ಕಾನೂನು ಬಂತು. ಸ್ತನ ತೆಗೆಯಲು ಹಣ ಕೊಡುವ ವಿಮೆ, ಮರುಜೋಡಣೆಯ ಎಲ್ಲಾ ಹಂತಕ್ಕೂ, ಇನ್ನೊಂದು ಸ್ತನವನ್ನು ಹೊಂದಿಸುವುದಕ್ಕೂ ಕೊಡಬೇಕು ಅಂತ. ನಮ್ಮಲ್ಲಿ ಅಷ್ಟು ಗಟ್ಟಿ ಕಾನೂನು ಇಲ್ಲ. ಆದರೆ ವಿಮಾ ನಿಯಂತ್ರಣ ಪ್ರಾಧಿಕಾರ, ಅದೇ ಐಆರ್‌ಡಿಎಐ, ಆರೋಗ್ಯ ವಿಮೆಗೆ ಬರೆದುಕೊಟ್ಟ ನಿಯಮಗಳಲ್ಲಿ ಒಂದು ಸಾಲು ಇದೆ. ಸೌಂದರ್ಯಕ್ಕೆ ಮಾಡಿಸುವ ಪ್ಲಾಸ್ಟಿಕ್ ಸರ್ಜರಿಗೆ ಹಣ ಇಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದ ಮೇಲಿನ ಮರುಜೋಡಣೆಗೆ ಆ ನಿರ್ಬಂಧ ಇಲ್ಲ. ಪಾಲಿಸಿಯ ಪುಸ್ತಕದಲ್ಲಿ, ಹಣ ಸಿಗದ ಖರ್ಚುಗಳ ಪಟ್ಟಿಯಲ್ಲಿ, ಎಂಟನೇ ನಂಬರಿನ ಎಕ್ಸ್‌ಕ್ಲೂಷನ್ ತೆಗೆದು ಓದಿ. ಕ್ಲೇಮ್ ‘ಕಾಸ್ಮೆಟಿಕ್’ ಅಂತ ತಿರಸ್ಕಾರ ಆದರೆ ಸುಮ್ನೆ ಕೂರಬೇಡಿ. ಇದು ಕ್ಯಾನ್ಸರ್ ನಂತರದ ಮರುಜೋಡಣೆಯ ಭಾಗ ಅಂತ ಡಾಕ್ಟರ ಹತ್ತಿರ ಬರೆಸಿಕೊಂಡು ಮತ್ತೆ ಕಳಿಸಿ.

ಸರಿ, ಈಗ ಮನೆಗೆ ಬರೋಣ.

ಮೊದಲು ಮಲಗುವುದು. ನಮ್ಮಲ್ಲಿ ತುಂಬಾ ಜನ ಚಾಪೆ ಮೇಲೆ ಮಲಗುತ್ತಾರೆ. ನೆಲದಿಂದ ಏಳುವಾಗ ಏನು ಮಾಡುತ್ತೇವೆ? ಅಂಗೈ ಊರಿ ದೇಹವನ್ನು ಮೇಲಕ್ಕೆ ತಳ್ಳುತ್ತೇವೆ. ಆ ತಳ್ಳುವ ಭಾರ ಪೂರಾ ಎದೆಯ ಸ್ನಾಯುವಿನ ಮೇಲೆ. ಎಷ್ಟೋ ಇಂಪ್ಲಾಂಟ್‌ಗಳು ಇರುವುದು ಅದೇ ಸ್ನಾಯುವಿನ ಕೆಳಗೆ. ಆದ್ದರಿಂದ ಮೊದಲ ಕೆಲವು ವಾರ ಮಂಚ ಬೇಕು. ಬೆನ್ನಿನ ಮೇಲೆ, ತಲೆಗೆ ಎರಡು ದಿಂಬು. ಏಳುವಾಗ ನೋವಿಲ್ಲದ ಮಗ್ಗುಲಿಗೆ ಹೊರಳಿ, ಕಾಲು ಕೆಳಗೆ ಬಿಟ್ಟು, ಆ ತೂಕದಲ್ಲೇ ಮೇಲೇಳಿ. ಬೋರಲು ಮಲಗುವ ಅಭ್ಯಾಸ ಇರುವವರು ಡಾಕ್ಟರು ಸರಿ ಅನ್ನುವವರೆಗೂ ಅದನ್ನು ಮರೆತುಬಿಡಿ.

ಎರಡನೆಯದು ಭಾರ. ‘ಭಾರ ಎತ್ತಬೇಡಿ’ ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ. ಭಾರ ಅಂದರೆ ಅವರ ಲೆಕ್ಕದಲ್ಲಿ ಗ್ಯಾಸ್ ಸಿಲಿಂಡರ್. ಸ್ನಾನದ ಬಕೆಟ್ ತುಂಬಿದರೆ ಹದಿನೈದು ಕಿಲೋ ದಾಟುತ್ತದೆ. ಅನ್ನ ತುಂಬಿದ ಐದು ಲೀಟರ್ ಕುಕ್ಕರ್, ದೋಸೆ ಹಿಟ್ಟಿನ ಗ್ರೈಂಡರ್ ಪಾತ್ರೆ, ನೆನೆದ ಬೆಡ್‌ಶೀಟ್, ಎರಡು ವರ್ಷದ ಮೊಮ್ಮಗು, ಇವೆಲ್ಲಾ ಭಾರವೇ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ, ಎರಡು ಮೂರು ಕಿಲೋಗಿಂತ ಜಾಸ್ತಿ ಬೇಡ ಅನ್ನುತ್ತೇವೆ. ತಗ್ಗಿದ ಜಾಗಕ್ಕೆ ಬರೀ ಕೊಬ್ಬು ತುಂಬಿಸಿದವರಿಗೆ ಇದಕ್ಕಿಂತ ಬೇಗ ಬಿಡುವುದೂ ಉಂಟು. ನಿಮ್ಮ ಚೀಟಿಯಲ್ಲಿ ಏನು ಬರೆದಿದೆಯೋ ಅದೇ ಲೆಕ್ಕ. ಮೊಮ್ಮಗುವನ್ನು ಯಾರಾದರೂ ತೊಡೆ ಮೇಲೆ ಕೂರಿಸಿ ಕೊಟ್ಟರೆ ಮುದ್ದಾಡಿ. ಬಗ್ಗಿ ಎತ್ತಬೇಡಿ. ಗಂಡಸರೇ, ಬಕೆಟ್ ನಿಮ್ಮದು. ಒಗೆದ ಬಟ್ಟೆಯನ್ನು ತಂತಿ ಮೇಲೆ ಹರಡುವುದೂ ನಿಮ್ಮದೇ. ಕೈ ಮೇಲೆತ್ತಿ ಭಾರ ಹಿಡಿಯುವ ಕೆಲಸ ಅದು. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಲ್ಲುವುದೂ ಅಷ್ಟೇ ಕೆಟ್ಟದ್ದು. ಡ್ರೈವರ್ ಬ್ರೇಕ್ ಹಾಕಿದರೆ ಇಡೀ ಮೈ ಆ ಕೈಗೆ ಜೋತು ಬೀಳುತ್ತದೆ. ಸ್ಕೂಟರ್ ಕೂಡ ಸದ್ಯಕ್ಕೆ ಬೇಡ, ನಮ್ಮ ಹಂಪ್‌ಗಳು ನಿಮಗೇ ಗೊತ್ತು.

ಹಾಗಂತ ಕೈಯನ್ನು ಮೈಗೆ ಅಂಟಿಸಿಕೊಂಡು ಕೂರುವುದೂ ತಪ್ಪು. ಭುಜ ಹಿಡಿದುಕೊಂಡರೆ ಬಿಡಿಸಲು ತಿಂಗಳುಗಳು ಬೇಕು. ಮೊದಲ ದಿನದಿಂದಲೇ ಓಡಾಡಿ, ಊಟ ಮಾಡಿ, ತಲೆ ಬಾಚಿಕೊಳ್ಳಿ. ಗೋಡೆ ಮೇಲೆ ಬೆರಳಲ್ಲಿ ಮೆಟ್ಟಿಲು ಹತ್ತಿಸುವ ವ್ಯಾಯಾಮವನ್ನು ಫಿಸಿಯೋ ಹೇಳಿದ ದಿನದಿಂದ ಶುರು ಮಾಡಿ.

ಡ್ರೇನ್ ಎಲ್ಲರಿಗೂ ಇರುವುದಿಲ್ಲ. ಇಂಪ್ಲಾಂಟ್ ಬದಲಿಸಿದವರಿಗೆ, ಪೊರೆ ತೆಗೆದವರಿಗೆ ಹಾಕುವುದು ಹೆಚ್ಚು. ಮುಚ್ಚಳ ತೆಗೆದು ನೀರನ್ನು ಅಳತೆ ಲೋಟಕ್ಕೆ ಸುರಿಯಿರಿ. ಬಾಟಲಿಯನ್ನು ಹಿಸುಕಿ ಗಾಳಿ ಹೊರಗೆ ಹಾಕಿ, ಹಿಸುಕಿದ ಹಾಗೇ ಮುಚ್ಚಳ ಒತ್ತಿ. ಗಾಳಿ ತೆಗೆಯದೆ ಮುಚ್ಚಿದರೆ ಅದು ಎಳೆಯುವುದೇ ಇಲ್ಲ. ದಿನಕ್ಕೆ ಎಷ್ಟು ಎಂ.ಎಲ್. ಅಂತ ಕ್ಯಾಲೆಂಡರಿನ ಮೇಲೆ ಬರೆದಿಡಿ. ಕೆಂಪು ಇದ್ದದ್ದು ತಿಳಿ ಹಳದಿಗೆ ತಿರುಗುತ್ತದೆ. ದಿನಕ್ಕೆ ಇಪ್ಪತ್ತು–ಮೂವತ್ತು ಎಂ.ಎಲ್.ಗಿಂತ ಕಡಿಮೆ ಆದರೆ ಸಾಮಾನ್ಯವಾಗಿ ತೆಗೆಯುತ್ತೇವೆ.

ಇನ್ನು ಕೊಬ್ಬು ತುಂಬಿಸುವುದು. ಸ್ವಂತ ಮೈಯ ಕೊಬ್ಬನ್ನು ಸಾಲ ತೆಗೆದುಕೊಳ್ಳುವ ಯೋಚನೆ ಹೊಸದಲ್ಲ. 1895ರಲ್ಲೇ ಹೈಡೆಲ್‌ಬರ್ಗ್‌ನ ಸರ್ಜನ್ ಚೆರ್ನಿ, ಒಬ್ಬ ಮಹಿಳೆಯ ಬೆನ್ನಿನ ಕೊಬ್ಬಿನ ಗಡ್ಡೆಯನ್ನು ತೆಗೆದು ಸ್ತನದ ಖಾಲಿ ಜಾಗಕ್ಕೆ ಇಟ್ಟಿದ್ದರು. ಈಗ ಹೊಟ್ಟೆ ಅಥವಾ ತೊಡೆಯಿಂದ ಸೂಜಿಯಲ್ಲಿ ಎಳೆದು, ಶುದ್ಧ ಮಾಡಿ, ತಗ್ಗಿನ ಜಾಗಕ್ಕೆ ಹನಿ ಹನಿಯಾಗಿ ಬಿಡುತ್ತಾರೆ. ಇದನ್ನು ಮಾಡಿಸಿಕೊಂಡವರು ಎದೆ ನೋಯುತ್ತದೆ ಅಂತ ಹೇಳುವುದು ಕಡಿಮೆ. ‘ಸಿಸ್ಟರ್, ತೊಡೆ ಯಾಕೆ ಹಿಂಗೆ’ ಅಂತಾರೆ. ಯಾರೋ ಚೆನ್ನಾಗಿ ಥಳಿಸಿದ ಹಾಗೆ ನೀಲಿ, ಆಮೇಲೆ ಹಸಿರು, ಆಮೇಲೆ ಹಳದಿ. ಎರಡು ಮೂರು ವಾರ ಹಾಗೇ ಇರುತ್ತದೆ. ಬಿಗಿ ಗಾರ್ಮೆಂಟ್ ಕೊಡುತ್ತೇವೆ. ಏಪ್ರಿಲ್–ಮೇ ಸೆಕೆಯಲ್ಲಿ ಅದನ್ನು ಹಾಕಿಕೊಳ್ಳುವುದು ಹಿಂಸೆಯೇ. ಎರಡು ಜೊತೆ ತೆಗೆದುಕೊಂಡು ಒಗೆದು ಬದಲಾಯಿಸಿ, ಬಿಚ್ಚಿ ಮೂಲೆಗೆ ಎಸೆಯಬೇಡಿ.

ಮೊದಲ ವಾರ ಸ್ತನ ಊದಿ ತುಂಬಿದಂತೆ ಕಾಣುತ್ತದೆ. ಎಲ್ಲರಿಗೂ ಖುಷಿ. ತಿಂಗಳು ಕಳೆಯುವಷ್ಟರಲ್ಲಿ ಇಳಿಯುತ್ತದೆ. ‘ಎಲ್ಲಾ ಕರಗಿ ಹೋಯಿತು, ದುಡ್ಡು ದಂಡ’ ಅಂತ ಅಳುತ್ತಾ ಬರುತ್ತಾರೆ. ಇಳಿದದ್ದರಲ್ಲಿ ಹೆಚ್ಚಿನದು ಊತ. ಕೊಬ್ಬಿನಲ್ಲೂ ಒಂದು ಪಾಲು ಕರಗುತ್ತದೆ. ಮೂರನೇ ಒಂದು ಭಾಗವೋ ಅರ್ಧವೋ ಹೋಗಬಹುದು, ಕೆಲವರಲ್ಲಿ ಇನ್ನೂ ಜಾಸ್ತಿ. ಇದನ್ನು ಮೊದಲೇ ಲೆಕ್ಕ ಹಾಕಿರುತ್ತಾರೆ. ಮತ್ತೊಮ್ಮೆ ತುಂಬಿಸಬೇಕಾಗಬಹುದು ಅಂತಲೂ ಹೇಳಿರುತ್ತಾರೆ. ಆಕಾರ ನಿಲ್ಲುವುದು ಮೂರರಿಂದ ಆರು ತಿಂಗಳಿಗೆ. ಅಲ್ಲಿಯವರೆಗೆ ಕನ್ನಡಿ ಮುಂದೆ ತೀರ್ಪು ಬರೆಯಬೇಡಿ. ಆ ದಿನಗಳಲ್ಲಿ ಪಥ್ಯ ಮಾಡಿ ತೂಕ ಇಳಿಸಲೂ ಹೋಗಬೇಡಿ. ಹಾಕಿದ ಕೊಬ್ಬೂ ನಿಮ್ಮದೇ, ಮೈ ಇಳಿದರೆ ಅದೂ ಇಳಿಯುತ್ತದೆ.

ಪಥ್ಯ ಅಂದೆ ನೋಡಿ. ನಂಜು ಅಂತ ಬದನೆಕಾಯಿ ಬಿಡಿ, ನನ್ನ ತಕರಾರಿಲ್ಲ. ಬದನೆಕಾಯಿ ಇಲ್ಲದೆಯೂ ಗಾಯ ಮಾಯುತ್ತದೆ. ಅದರ ಜೊತೆ ಮೊಟ್ಟೆ, ಮೀನು, ಬೇಳೆ, ಮೊಸರು ಎಲ್ಲಾ ನಿಲ್ಲಿಸಿ ಬರೀ ಗಂಜಿ, ರಸಂ ಕೊಡುತ್ತಾರಲ್ಲ, ಅದಕ್ಕೆ ನನ್ನ ಜಗಳ. ಗಾಯ ಕೂಡಲು ಪ್ರೋಟೀನ್ ಬೇಕು. ಇನ್ನೊಂದು, ಕಡ್ಡಿಪುಡಿ. ಸಿಗರೇಟು ಸೇದ್ತೀರಾ ಅಂತ ಡಾಕ್ಟರು ಕೇಳಿದರೆ ಅಜ್ಜಿಯರು ಸಿಟ್ಟಾಗಿ ‘ಛೇ, ಇಲ್ಲ’ ಅನ್ನುತ್ತಾರೆ. ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕುವುದನ್ನು ಹೇಳುವುದೇ ಇಲ್ಲ. ನಿಕೋಟಿನ್ ಎಲ್ಲಿಂದ ಬಂದರೂ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ. ಹೊಲಿಗೆಯ ಅಂಚು ಕಪ್ಪಾಗುತ್ತದೆ. ಆಪರೇಷನ್‌ಗೆ ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು, ಗಾಯ ಮಾಯುವವರೆಗೂ ಮುಟ್ಟಬಾರದು. ಸ್ತನ ಕ್ಯಾನ್ಸರಿನ ಹಾರ್ಮೋನ್ ಮಾತ್ರೆ ಟ್ಯಾಮೋಕ್ಸಿಫೆನ್, ರಕ್ತ ತೆಳು ಮಾಡುವ ಎಕೋಸ್ಪ್ರಿನ್ ತೆಗೆದುಕೊಳ್ಳುವವರು ಅದನ್ನು ಸರ್ಜನ್‌ಗೆ ಹೇಳಿ. ನಿಲ್ಲಿಸುವುದೋ ಬೇಡವೋ ಅವರು ಹೇಳಲಿ, ನೀವಾಗಿ ನಿಲ್ಲಿಸಬೇಡಿ.

ಮೊಲೆತೊಟ್ಟು ಮಾಡಿಸಿಕೊಂಡವರಿಗೆ ಉದ್ದಿನ ವಡೆಯ ಹಾಗೆ ನಡುವೆ ತೂತಿರುವ ಗಾಜಿನ ಪ್ಯಾಡ್ ಇಡುತ್ತೇವೆ. ಗಾಜು ಅಂದರೆ ಬ್ಯಾಂಡೇಜ್ ಬಟ್ಟೆ, ಗಾಬರಿಯಾಗಬೇಡಿ. ತೊಟ್ಟು ಅಮುಕಿ ಹೋಗಬಾರದು ಅಂತ ಅದು. ಮೊದಲಿಗೆ ದೊಡ್ಡದಾಯಿತು ಅನ್ನಿಸುತ್ತದೆ. ಅರ್ಧದಷ್ಟು ಕುಗ್ಗುವುದು ಗೊತ್ತಿರುವುದರಿಂದ ಬೇಕೆಂದೇ ದೊಡ್ಡದು ಮಾಡಿರುತ್ತಾರೆ. ಸುತ್ತಲಿನ ಬಣ್ಣಕ್ಕೆ ಹಚ್ಚೆ ಹಾಕುವುದು ಗಾಯ ಪೂರ್ತಿ ಮಾಗಿದ ಮೇಲೆ.

ಈಗ ಹೇಳುವುದನ್ನು ಗಮನವಿಟ್ಟು ಕೇಳಿ. ಮರುಜೋಡಿಸಿದ ಸ್ತನಕ್ಕೆ ಸ್ಪರ್ಶ ಪೂರ್ತಿ ಬರುವುದಿಲ್ಲ. ಆಕಾರ ಕೊಡಬಹುದು, ಮೊದಲಿನ ಸ್ಪರ್ಶ ಕೊಡಲು ಆಗುವುದಿಲ್ಲ. ಅದನ್ನು ಆಪರೇಷನ್‌ಗೆ ಮುಂಚೆಯೇ ಬಾಯಿ ಬಿಟ್ಟು ಹೇಳಬೇಕು ಅನ್ನುವುದು ನನ್ನ ಅಭಿಪ್ರಾಯ. ಜೋಮು ಹಿಡಿದ ಚರ್ಮಕ್ಕೆ ಬಿಸಿ ತಿಳಿಯುವುದಿಲ್ಲ. ಮನೆಯಲ್ಲಿ ಅಮ್ಮ ಪ್ರೀತಿಯಿಂದ ಬಿಸಿನೀರಿನ ಬ್ಯಾಗ್ ತಂದು ‘ಕಾವು ಕೊಟ್ಟರೆ ನೋವು ಇಳಿಯುತ್ತೆ’ ಅನ್ನುತ್ತಾರೆ. ಇವಳಿಗೆ ಹಿತ ಅನ್ನಿಸುತ್ತದೆ, ನಿದ್ದೆ ಬರುತ್ತದೆ. ಬೆಳಿಗ್ಗೆ ನೋಡಿದರೆ ಬೊಬ್ಬೆ. ಕಾವು ಬೇಡ. ಐಸನ್ನೂ ನೇರ ಇಡಬೇಡಿ.

ಸೀರೆಯ ಪಿನ್ ಕೂಡ ಹಾಗೇ. ನಾವು ಸೆರಗು ಹೊದೆಯುವುದು ಎಡ ಭುಜಕ್ಕೆ. ಆಪರೇಷನ್ ಆದದ್ದು ಎಡಗಡೆಯಾದರೆ ರೇಷ್ಮೆ ಸೀರೆಯ ಭಾರವೂ ಅಲ್ಲೇ, ಪಿನ್ನೂ ಅಲ್ಲೇ. ಮದುವೆಮನೆಯಲ್ಲಿ ಪಿನ್ ತೆರೆದು ಚುಚ್ಚುತ್ತಿದ್ದರೂ ಜೋಮು ಇರುವವರಿಗೆ ಗೊತ್ತಾಗುವುದಿಲ್ಲ. ಬ್ಲೌಸಿಗೆ ರಕ್ತ ಆದಾಗ ಬೇರೆ ಯಾರೋ ನೋಡಿ ಹೇಳುತ್ತಾರೆ. ಮೊದಲ ತಿಂಗಳು ಮುಂದೆ ಜಿಪ್ ಇರುವ ನೈಟಿ, ಕಂಬಿ ಇಲ್ಲದ ಬ್ರಾ ಸಾಕು. ಹೊಸ ಬ್ಲೌಸ್‌ಗೆ ಅಳತೆ ಕೊಡುವುದನ್ನು ಆರು ತಿಂಗಳು ಮುಂದೂಡಿ. ಊತ ಇಳಿದ ಮೇಲೆ ಟೈಲರ್ ಹತ್ತಿರ ಮತ್ತೆ ಜಗಳ ಯಾಕೆ?

ಗಾಯದ ಮೇಲೆ ಅರಿಶಿನ ಹಚ್ಚಬೇಡಿ. ಹೊಲಿಗೆ ಪೂರ್ತಿ ಕೂಡಿ, ಹಕ್ಕಳೆ ಉದುರಿದ ಮೇಲೆ ಕೊಬ್ಬರಿ ಎಣ್ಣೆಯಲ್ಲಿ ಮೆಲ್ಲಗೆ ಒತ್ತಿ ಉಜ್ಜಬಹುದು. ಡಾಕ್ಟರು ಸಿಲಿಕೋನ್ ಜೆಲ್ ಬರೆದಿದ್ದರೆ ಅದನ್ನು ಬಿಡದೆ ಹಚ್ಚಿ. ಕೆಂಪು ಗೆರೆ ಮಾಸಲು ವರ್ಷ, ಒಂದೂವರೆ ವರ್ಷ ಬೇಕು.

ಯಾವಾಗ ಫೋನ್ ಮಾಡಬೇಕು? 100.4 ಡಿಗ್ರಿ ಅಥವಾ ಅದಕ್ಕೂ ಹೆಚ್ಚು ಜ್ವರ ಬಂದರೆ. ಒಂದೇ ಕಡೆ ಇದ್ದಕ್ಕಿದ್ದಂತೆ ಊದಿ ಬಿಗಿದರೆ. ಕೆಂಪು ಹರಡುತ್ತಾ ಹೋದರೆ, ಕೀವು ಕಂಡರೆ, ಹೊಲಿಗೆ ಬಿಟ್ಟರೆ. ಮೀನಖಂಡ ಊದಿ ನೋಯುತ್ತಿದ್ದರೆ, ಉಸಿರು ಕಟ್ಟಿದರೆ ಫೋನ್ ಮಾಡುತ್ತಾ ಕೂರಬೇಡಿ, ಹತ್ತಿರದ ಎಮರ್ಜೆನ್ಸಿಗೆ ಹೋಗಿ.

ಇನ್ನು ಸಾಕು ಅನ್ನುವ ಹಕ್ಕೂ ನಿಮಗಿದೆ. ಎರಡೂ ಕಡೆ ಸ್ವಲ್ಪ ವ್ಯತ್ಯಾಸ ಇದ್ದರೂ ನನಗಿದೇ ಸರಿ ಅಂತ ರಿವಿಷನ್ ಬೇಡ ಅಂದವರಿದ್ದಾರೆ. ಇಂಪ್ಲಾಂಟ್ ತೆಗೆಸಿ ಎದೆ ಚಪ್ಪಟೆ ಮಾಡಿಸಿಕೊಂಡು ನೆಮ್ಮದಿಯಾಗಿರುವವರೂ ಇದ್ದಾರೆ. ಯಾರ ಒತ್ತಾಯಕ್ಕೂ ಟೇಬಲ್ ಹತ್ತಬೇಡಿ, ಗಂಡನ ಒತ್ತಾಯಕ್ಕೂ.

ಕೊನೆಯದಾಗಿ ಎರಡು ವಿಷಯ. ಕೊಬ್ಬು ತುಂಬಿದ ಜಾಗದಲ್ಲಿ ಆಮೇಲೆ ಗಟ್ಟಿ ಗಂಟು ಸಿಗಬಹುದು. ಹೆಚ್ಚಿನ ಸಲ ಅದು ಸತ್ತ ಕೊಬ್ಬು. ಅದನ್ನು ನಿರ್ಧರಿಸುವುದು ಸ್ಕ್ಯಾನ್, ನಮ್ಮ ಬೆರಳಲ್ಲ. ತೋರಿಸಿ. ಇಂಪ್ಲಾಂಟ್ ಇದ್ದವರು ಅದರ ಕಾರ್ಡನ್ನು ಜೋಪಾನ ಮಾಡಿ. ಅದರಲ್ಲಿ ಕಂಪನಿ, ಮಾದರಿ, ನಂಬರ್ ಇರುತ್ತದೆ. 2019ರಲ್ಲಿ ಅಲರ್ಗನ್ ಕಂಪನಿ ತನ್ನ ಒರಟು ಮೈಯ ಬಯೋಸೆಲ್ ಇಂಪ್ಲಾಂಟ್‌ಗಳನ್ನು ಜಗತ್ತಿನೆಲ್ಲೆಡೆಯಿಂದ ವಾಪಸ್ ತೆಗೆದುಕೊಂಡಿತು. ಅಪರೂಪದ ಒಂದು ಬಗೆಯ ಲಿಂಫೋಮಾ, ಅಂದರೆ ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್, ಅದಕ್ಕೆ ಕಾರಣ. ಆಗ ತಮ್ಮದು ಯಾವುದು ಅಂತ ನೋಡಲು ಬೇಕಾಗಿದ್ದು ಆ ಕಾರ್ಡೇ. ತೊಂದರೆ ಇಲ್ಲದವರು ಸುಮ್ಮನೆ ತೆಗೆಸಬೇಕಿಲ್ಲ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಆಗಲೇ ಹೇಳಿತ್ತು. ವರ್ಷಗಳ ನಂತರ ಇಂಪ್ಲಾಂಟ್ ಇರುವ ಕಡೆ ಹಠಾತ್ತಾಗಿ ಊದಿದರೆ ಮಾತ್ರ ತಡಮಾಡಬಾರದು. ಸಿಲಿಕೋನ್ ಇದ್ದವರು ಐದಾರು ವರ್ಷಕ್ಕೆ ಒಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಿ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಮಾಡಿಸಬೇಕು ಅನ್ನುವುದೂ ಎಫ್‌ಡಿಎ ಸಲಹೆ. ಒಳಗೆ ಒಡೆದರೂ ಎಷ್ಟೋ ಸಲ ಹೊರಗೆ ಏನೂ ಗೊತ್ತಾಗುವುದಿಲ್ಲ.

ನನ್ನ ಮಾತು ಇಷ್ಟು. ಡಿಸ್ಚಾರ್ಜ್ ಚೀಟಿ ತಂದಿರುವವರು ಈ ಟೇಬಲ್ ಹತ್ತಿರ ಬನ್ನಿ, ಅದರಲ್ಲಿ ಏನು ಬರೆದಿದೆ ಅಂತ ಕೂತು ಓದೋಣ. ಎಲ್ಲರ ಮುಂದೆ ಕೇಳಲು ಸಂಕೋಚ ಅನ್ನುವವರಿಗೆ ಪಕ್ಕದ ಕೋಣೆ ತೆರೆದಿದೆ.